‘ಅಲ್ಲ’ ಬೇರೆ, ‘ಇಲ್ಲ’ ಬೇರೆ: ಓಆರ್‌ಎಂ ಕ್ವೆರಿಗಳಲ್ಲಿ ನಲ್ ಹೋಲಿಕೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿರುವ ಒಂದು ದಲಾಲಿ ಅಂಗಡಿಗೆ ನಾನು ಹುಬ್ಬಳ್ಳಿಯಲ್ಲಿ ಕುಳಿತು ಲೆಕ್ಕದ ತಂತ್ರಾಂಶವೊಂದನ್ನು ಬರೆದುಕೊಟ್ಟಿದ್ದೆ. ರೈತರು ತಂದ ಚೀಲಗಳು ಅಂಗಡಿಯಲ್ಲಿ ಲಾಟುಗಳಾಗಿ ಬೀಳುತ್ತವೆ. ಪ್ರತಿ ಲಾಟಿಗೆ ಒಂದು ಸಂಖ್ಯೆ, ರೈತನ ಹೆಸರು, ಡಬ್ಬಿಯೋ ಕಡ್ಡಿಯೋ ಎಂಬ ತಳಿಯ ವಿವರ, ಚೀಲಗಳ ಎಣಿಕೆ ಇವು ಮೊದಲೇ ದಾಖಲಾಗುತ್ತವೆ; ಟೆಂಡರ್ ತೆರೆದ ಮೇಲೆ ದರವೂ ಖರೀದಿದಾರರ ನಂಬರೂ ಸೇರಿಕೊಳ್ಳುತ್ತವೆ. ಬಂದ ದರ ಒಪ್ಪಿಗೆಯಾಗದಿದ್ದರೆ ರೈತನು ಮಾಲನ್ನು ಕೊಡದೆ ಮುಂದಿನ ಟೆಂಡರಿಗೆ ಉಳಿಸಿಕೊಳ್ಳಬಹುದು, ಇಲ್ಲವೇ ಕೋಲ್ಡ್ ಸ್ಟೋರೇಜಿಗೆ ಒಯ್ಯಬಹುದು. ಅಂಥ ಲಾಟಿನ ಸಾಲಿನಲ್ಲಿ ‘ಖರೀದಿದಾರ’ ಎಂಬ ಕಾಲಂ ಖಾಲಿಯಾಗಿಯೇ ಉಳಿಯುತ್ತದೆ. ಡೇಟಾಬೇಸಿನ ಭಾಷೆಯಲ್ಲಿ ಅದರ ಬೆಲೆ (‘ವ್ಯಾಲ್ಯೂ’ ಎಂಬ ಅರ್ಥದಲ್ಲಿ, ಮಾರುಕಟ್ಟೆಯ ದರವಲ್ಲ) ನಲ್.

ಒಂದು ದಿನ ಆ ಅಂಗಡಿಯಲ್ಲಿ 40 ಲಾಟುಗಳಿದ್ದವು. 31 ಮಾರಾಟವಾಗಿದ್ದವು, 9 ಆಗಿರಲಿಲ್ಲ. ಮಾರಾಟವಾದವುಗಳಲ್ಲಿ 6 ಲಾಟುಗಳನ್ನು 12ನೇ ನಂಬರಿನ ಖರೀದಿದಾರರು ಕೊಂಡಿದ್ದರು. ಅಂಗಡಿಯವರು ಎರಡು ಪಟ್ಟಿ ಕೇಳಿದರು: ಒಂದು 12ನೇ ನಂಬರಿನವರದ್ದು, ಇನ್ನೊಂದು ಅದನ್ನು ಬಿಟ್ಟು ಉಳಿದದ್ದೆಲ್ಲ. ಮೊದಲನೆಯದರಲ್ಲಿ 6 ಸಾಲು, ಎರಡನೆಯದರಲ್ಲಿ 25 ಸಾಲು ಮುದ್ರಣವಾದವು. ದಿವಾನಜಿಯವರು ಕಿರ್ದಿಯ ಅಂಚಿನಲ್ಲಿ ಎರಡನ್ನೂ ಕೂಡಿಸಿ ನೋಡಿ ನನಗೆ ಫೋನ್ ಮಾಡಿದರು. “ಅಂಗಡ್ಯಾಗ ನಲವತ್ತು ಲಾಟ್ ಬಿದ್ದಾವ, ನಿಮ್ಮ ಕಂಪ್ಯೂಟರ್ ಮೂವತ್ತೊಂದು ಅಂತೈತಿ. ಒಂಬತ್ತು ಎಲ್ಲಿ ಹೋದವ್ರಿ, ಸರ?”

ತಂತ್ರಾಂಶ ಎಲ್ಲಿಯೂ ದೋಷ ತೋರಿಸಿರಲಿಲ್ಲ. ಓಆರ್‌ಎಂ ಎಂಬ ದುಭಾಷಿಯ ಮೂಲಕ ನಾನು ಡೇಟಾಬೇಸಿಗೆ ಕೇಳಿದ ಪ್ರಶ್ನೆ, ಅಂದರೆ ಕ್ವೆರಿಯು, ತಾನು ಮಾಡಬೇಕಾದದ್ದನ್ನೇ ಮಾಡಿತ್ತು. ನಾನು ಬರೆದದ್ದು ಅಂಗಡಿಯವರು ಕೇಳಿದ ಪ್ರಶ್ನೆಯನ್ನಲ್ಲ ಎಂಬುದಷ್ಟೇ ತೊಂದರೆ. ಈ ತಪ್ಪನ್ನು ವಿವರಿಸಲು ಕನ್ನಡದಷ್ಟು ಅನುಕೂಲವಾದ ಭಾಷೆ ಇನ್ನೊಂದಿರಲಾರದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ನಮ್ಮಲ್ಲಿ ನಿಷೇಧಕ್ಕೆ ಎರಡು ಪದಗಳಿವೆ. ‘ಇವರು 12ನೇ ನಂಬರಿನವರಲ್ಲ’ ಎಂದಾಗ ಎದುರಿಗೆ ಒಬ್ಬರು ಇದ್ದಾರೆ, ಆದರೆ ಅವರು ಬೇರೆ ಯಾರೋ. ‘ಖರೀದಿದಾರರು ಇಲ್ಲ’ ಎಂದಾಗ ಆ ಜಾಗದಲ್ಲಿ ಯಾರೂ ಇಲ್ಲ. ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯ ಹೆಸರು ಎಸ್‌ಕ್ಯೂಎಲ್. ಎಸ್‌ಕ್ಯೂಎಲ್‌ನ <> ಎಂಬ ಚಿಹ್ನೆ ನಮ್ಮ ‘ಅಲ್ಲ’. ‘ಈಸ್ ನಲ್’ ಎಂಬ ಪದಪುಂಜ ನಮ್ಮ ‘ಇಲ್ಲ’. ಅಂಗಡಿಯವರು ಕೇಳಿದ್ದು ಇವೆರಡನ್ನೂ ಅಲ್ಲ. ಅವರು ಬಳಸಿದ ಪದ ‘ಬಿಟ್ಟು’. ಇಡೀ ಗುಂಪಿನಿಂದ ಆರನ್ನು ತೆಗೆದಿಟ್ಟರೆ ಮಿಕ್ಕದ್ದೆಲ್ಲ ‘ಬಿಟ್ಟು ಉಳಿದದ್ದು’; ಅದರಲ್ಲಿ ‘ಅಲ್ಲ’ದವೂ ಇರುತ್ತವೆ, ‘ಇಲ್ಲ’ದವೂ ಇರುತ್ತವೆ. ಅವರ ‘ಬಿಟ್ಟು’ವನ್ನು ನಾನು ‘ಅಲ್ಲ’ ಎಂದು ಅನುವಾದಿಸಿದ್ದೆ. ಆ ಅನುವಾದದಲ್ಲಿ ಒಂಬತ್ತು ಲಾಟುಗಳು ಜಾರಿಹೋದವು.

ಜಾರಿಹೋಗುವ ಬಗೆಯನ್ನು ತಿಳಿಯಬೇಕಾದರೆ ನಲ್‌ನ ಹುಟ್ಟಿನ ಕಡೆಗೆ ಸ್ವಲ್ಪ ಹೋಗಬೇಕಾಗುತ್ತದೆ. ದತ್ತಾಂಶವನ್ನು ಟೇಬಲ್ಲುಗಳಾಗಿ ಜೋಡಿಸುವ ರಿಲೇಷನಲ್ ಮಾದರಿಯನ್ನು 1970ರಲ್ಲಿ ಮಂಡಿಸಿದ ಐಬಿಎಂ ಸಂಶೋಧಕ ಎಡ್ಗರ್ ಕಾಡ್ ಅವರು 1979ರ ಪ್ರಬಂಧವೊಂದರಲ್ಲಿ ನಲ್‌ಗಾಗಿ ಮೂರು ಬೆಲೆಗಳ ತರ್ಕವನ್ನು ವಿವರಿಸಿದರು. ಹೋಲಿಕೆಯ ಉತ್ತರವು ‘ಹೌದು’ ಅಥವಾ ‘ಅಲ್ಲ’ ಮಾತ್ರವಲ್ಲದೆ ‘ಗೊತ್ತಿಲ್ಲ’ ಎಂದೂ ಆಗಬಹುದು. ಯಾವುದೇ ಬೆಲೆಯನ್ನು ನಲ್‌ನೊಂದಿಗೆ ಹೋಲಿಸಿದರೆ ಉತ್ತರ ‘ಗೊತ್ತಿಲ್ಲ’. ನಲ್ ಅನ್ನು ನಲ್‌ನೊಂದಿಗೆ ಹೋಲಿಸಿದರೂ ಉತ್ತರ ‘ಗೊತ್ತಿಲ್ಲ’ವೇ. ‘ಗೊತ್ತಿಲ್ಲ’ವನ್ನು ತಿರುಗಿಸಿದರೂ ಅದು ‘ಗೊತ್ತಿಲ್ಲ’ವಾಗಿಯೇ ಉಳಿಯುತ್ತದೆ. ಎಸ್‌ಕ್ಯೂಎಲ್‌ನ ‘ವೇರ್’ ಎಂಬ ಜರಡಿಯು ‘ಹೌದು’ ಎಂಬ ಉತ್ತರ ಬಂದ ಸಾಲುಗಳನ್ನು ಮಾತ್ರ ಒಳಗೆ ಬಿಡುತ್ತದೆ. ‘ಅಲ್ಲ’ ಮತ್ತು ‘ಗೊತ್ತಿಲ್ಲ’ ಎರಡನ್ನೂ ಒಂದೇ ರೀತಿಯಲ್ಲಿ ಹೊರಗಿಡುತ್ತದೆ. ಆದ್ದರಿಂದ ‘ಖರೀದಿದಾರ = 12’ ಎಂಬ ಷರತ್ತಿನಲ್ಲಿ ಹೊರಗುಳಿದ ಒಂಬತ್ತು ಲಾಟುಗಳು ‘ಖರೀದಿದಾರ <> 12’ ಎಂಬುದರಲ್ಲಿಯೂ ಹೊರಗೇ ಉಳಿದವು. (ವಿಚಿತ್ರವೆಂದರೆ ಸಾಲು ದಾಖಲಾಗುವಾಗ ಬೆಲೆಯನ್ನು ಪರೀಕ್ಷಿಸುವ ‘ಚೆಕ್’ ನಿರ್ಬಂಧದಲ್ಲಿ ನಿಯಮ ತಿರುಗುಮುರುಗಾಗುತ್ತದೆ: ಅದು ‘ಅಲ್ಲ’ ಎಂದಾದುದನ್ನು ಮಾತ್ರ ತಡೆಯುತ್ತದೆ, ‘ಗೊತ್ತಿಲ್ಲ’ವನ್ನು ಒಳಗೆ ಬಿಡುತ್ತದೆ. ದರವು ಸೊನ್ನೆಗಿಂತ ಹೆಚ್ಚಿರಬೇಕೆಂಬ ‘ಚೆಕ್’ ಹಾಕಿದ ಮಾತ್ರಕ್ಕೆ ಖಾಲಿ ದರ ನಿಲ್ಲುವುದಿಲ್ಲ.)

ಇಲ್ಲಿ ಒಂದು ಸೂಕ್ಷ್ಮವಿದೆ. ನಲ್ ಎಂದರೆ ‘ಬೆಲೆಯೊಂದು ಇದೆ, ಅದು ಯಾವುದೆಂದು ತಿಳಿದಿಲ್ಲ’ ಎಂದು ಡೇಟಾಬೇಸು ಓದಿಕೊಳ್ಳುತ್ತದೆ. ಹಾಗೆ ಓದಿದಾಗ ಅದರ ನಡತೆಯಲ್ಲಿ ತಪ್ಪೇನೂ ಇಲ್ಲ: ಕೊಂಡವರು ಯಾರೆಂದು ತಿಳಿಯದ ಲಾಟನ್ನು 12ನೇ ನಂಬರಿನವರೇ ಕೊಂಡಿರಬಹುದು, ಹಾಗಾಗಿ ‘12 ಅಲ್ಲ’ ಎಂದು ಅದು ಆಣೆ ಮಾಡಿ ಹೇಳಲಾರದು. ನಾವು ಮಾತ್ರ ಆ ಕಾಲಂ ಅನ್ನು ಖಾಲಿ ಬಿಟ್ಟದ್ದು ‘ಕೊಂಡವರೇ ಇಲ್ಲ’ ಎಂಬ ಅರ್ಥದಲ್ಲಿ. ಕೊಂಡವರೇ ಇಲ್ಲದ ಮೇಲೆ 12ನೇ ನಂಬರಿನವರು ಕೊಂಡಿಲ್ಲವೆಂಬುದು ಖಚಿತ. ಒಂದೇ ಖಾಲಿ ಜಾಗವನ್ನು ಬರೆಯುವವರು ‘ಇಲ್ಲ’ ಎಂದು ಬರೆಯುತ್ತಾರೆ, ಯಂತ್ರ ‘ಗೊತ್ತಿಲ್ಲ’ ಎಂದು ಓದುತ್ತದೆ. ಕಾಡ್ ಅವರೇ 1990ರಲ್ಲಿ ಈ ಎರಡನ್ನು ಬೇರ್ಪಡಿಸಿ, ಅನ್ವಯಿಸುತ್ತದಾದರೂ ತಿಳಿಯದಿರುವುದಕ್ಕೆ ಒಂದು ಗುರುತು, ಅನ್ವಯಿಸುವುದೇ ಇಲ್ಲವೆಂಬುದಕ್ಕೆ ಇನ್ನೊಂದು ಗುರುತು ಬೇಕೆಂದು ಸೂಚಿಸಿದರು. ಎಸ್‌ಕ್ಯೂಎಲ್ ಅದನ್ನು ಸ್ವೀಕರಿಸಲಿಲ್ಲ. ಟೆಂಡರ್ ಇನ್ನೂ ಬಾಕಿಯಿರುವ ಲಾಟಿನ ದರಕ್ಕೂ ರೈತನು ಹಿಂದಕ್ಕೆ ಒಯ್ದ ಲಾಟಿನ ದರಕ್ಕೂ ನಮ್ಮ ಟೇಬಲ್ಲಿನಲ್ಲಿ ಇಂದಿಗೂ ಒಂದೇ ನಲ್.

ಇನ್ನು ಓಆರ್‌ಎಂ, ಅಂದರೆ ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್. ನಾವು ಪೈಥಾನ್, ಜಾವಾ, ಸಿ ಶಾರ್ಪ್, ರೂಬಿ ಮುಂತಾದ ಭಾಷೆಗಳಲ್ಲಿ ಬರೆದ ಷರತ್ತನ್ನು ಎಸ್‌ಕ್ಯೂಎಲ್‌ಗೆ ತರ್ಜುಮೆ ಮಾಡುವ ದುಭಾಷಿ ಅದು. ಆ ಭಾಷೆಗಳಲ್ಲಿಯೂ ಖಾಲಿ ಎಂಬುದಕ್ಕೆ ಒಂದು ಗುರುತು ಇದೆ (ಪೈಥಾನ್‌ನಲ್ಲಿ ನನ್, ರೂಬಿಯಲ್ಲಿ ನಿಲ್, ಜಾವಾ ಮತ್ತು ಸಿ ಶಾರ್ಪ್‌ಗಳಲ್ಲಿ ನಲ್), ಆದರೆ ಅದರ ಗುಣವೇ ಬೇರೆ. ಅಲ್ಲಿ ತರ್ಕಕ್ಕೆ ಎರಡೇ ಬೆಲೆಗಳು; ಖಾಲಿಯನ್ನು ಖಾಲಿಯೊಂದಿಗೆ ಹೋಲಿಸಿದರೆ ‘ಹೌದು’ ಎಂಬ ಉತ್ತರ ನಿಸ್ಸಂಕೋಚವಾಗಿ ಬರುತ್ತದೆ. ದುಭಾಷಿಯ ಮುಂದೆ ಹೀಗಾಗಿ ಒಂದು ಧರ್ಮಸಂಕಟವಿದೆ. ಬರೆದವನ ಭಾಷೆಯ ಅರ್ಥವನ್ನು ಉಳಿಸಬೇಕೋ, ಡೇಟಾಬೇಸಿನ ಅರ್ಥಕ್ಕೆ ಒಪ್ಪಿಸಿಬಿಡಬೇಕೋ? ಓಆರ್‌ಎಂ ಬಳಸಿದರೆ ಎಸ್‌ಕ್ಯೂಎಲ್‌ನ ಗೊಡವೆ ಬೇಡವೆಂದು ಹೇಳುವವರು ಈ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ. ಪ್ರತಿಯೊಂದು ಓಆರ್‌ಎಂ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಕೆಲವು ಒಂದೇ ಗ್ರಂಥಾಲಯದೊಳಗೆ (ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹದೊಳಗೆ) ಎರಡು ಉತ್ತರ ಕೊಟ್ಟಿವೆ.

ಸಮತೆಯ ಹೋಲಿಕೆಯಲ್ಲಿ, ಅಂದರೆ ‘ಖರೀದಿದಾರ ಖಾಲಿ ಇರುವ ಲಾಟುಗಳನ್ನು ಕೊಡು’ ಎಂದಾಗ, ಬಹುಪಾಲು ಓಆರ್‌ಎಂಗಳು ಇಂದು ಸರಿಯಾಗಿ ನಡೆದುಕೊಳ್ಳುತ್ತವೆ. ಪೈಥಾನ್‌ನ ಜಾಂಗೊದ ‘ಫಿಲ್ಟರ್’ಗೆ ನನ್ ಕೊಟ್ಟರೆ, ರೂಬಿಯ ರೇಲ್ಸ್‌ನ ಆಕ್ಟಿವ್ ರೆಕಾರ್ಡ್‌ಗೆ ನಿಲ್ ಕೊಟ್ಟರೆ, ಪಿಎಚ್‌ಪಿಯ ಲಾರಾವೆಲ್‌ನ ‘ವೇರ್’ಗೆ ನಲ್ ಕೊಟ್ಟರೆ, ಪೈಥಾನ್‌ನದೇ ಇನ್ನೊಂದು ಓಆರ್‌ಎಂ ಆದ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಕಾಲಂ ಅನ್ನು == ಚಿಹ್ನೆಯಿಂದ ನನ್‌ಗೆ ಹೋಲಿಸಿದರೆ, ಎಲ್ಲೆಡೆಯೂ ‘= ನಲ್’ ಬದಲಿಗೆ ‘ಈಸ್ ನಲ್’ ಎಂಬ ಎಸ್‌ಕ್ಯೂಎಲ್ ಹುಟ್ಟುತ್ತದೆ.

ಇದು ಸಾಧ್ಯವಾಗುವುದಕ್ಕೆ ಒಂದು ಕಾರಣವಿದೆ: ಎಸ್‌ಕ್ಯೂಎಲ್ ಕಟ್ಟುವ ಹೊತ್ತಿಗೆ ಬೆಲೆ ಯಾವುದೆಂದು ಆ ಗ್ರಂಥಾಲಯಗಳಿಗೆ ತಿಳಿದಿರುತ್ತದೆ. ಕ್ವೆರಿಯ ಪಠ್ಯ ಮೊದಲೇ ಸಿದ್ಧವಾಗಿ, ಬೆಲೆಯು ಆಮೇಲೆ ಪ್ಯಾರಾಮೀಟರ್ ಆಗಿ ಬಂದು ಕೂರುವ ವ್ಯವಸ್ಥೆಯಲ್ಲಿ ಈ ಅನುಕೂಲವಿಲ್ಲ. ‘ಖರೀದಿದಾರ = ?’ ಎಂದು ಬರೆದಿಟ್ಟ ಪಠ್ಯಕ್ಕೆ ನಲ್ ಬಂದು ಕುಳಿತರೆ ಅದು ತಾನಾಗಿ ‘ಈಸ್ ನಲ್’ ಆಗಿ ಬದಲಾಗುವುದಿಲ್ಲ. ಒಂದು ಸಾಲೂ ಬರುವುದಿಲ್ಲ, ದೋಷವೂ ಬರುವುದಿಲ್ಲ. ಜಾವಾದ ಜೆಪಿಕ್ಯೂಎಲ್ ಎಂಬ ಕ್ವೆರಿ ಭಾಷೆಯಲ್ಲಿ ಈಗಲೂ ಹೀಗೆಯೇ. ಮೈಕ್ರೋಸಾಫ್ಟ್‌ನ ಓಆರ್‌ಎಂ ಆದ ಎಂಟಿಟಿ ಫ್ರೇಮ್‌ವರ್ಕ್‌ನ ಮೊದಲ ಆವೃತ್ತಿಗಳಲ್ಲಿ ಇದೇ ಕಾರಣಕ್ಕೆ ಒಂದು ವಿಲಕ್ಷಣ ಸ್ಥಿತಿಯಿತ್ತು: ಷರತ್ತಿನಲ್ಲಿ ನಲ್ ಎಂಬ ಪದವನ್ನೇ ನೇರವಾಗಿ ಬರೆದರೆ ‘ಈಸ್ ನಲ್’ ಸಿಗುತ್ತಿತ್ತು, ಅದೇ ನಲ್ ಅನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು ಹೋಲಿಸಿದರೆ ‘=’ ಸಿಗುತ್ತಿತ್ತು, ಪಟ್ಟಿ ಖಾಲಿ ಬರುತ್ತಿತ್ತು. ಸಿ ಶಾರ್ಪ್ ಓದುಗನ ಕಣ್ಣಿಗೆ ಎರಡೂ ಸಾಲುಗಳ ಅರ್ಥ ಒಂದೇ. ‘ವೇರಿಯಬಲ್ ನಲ್ ಆಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಷರತ್ತನ್ನು ಎರಡಾಗಿ ಸೀಳಿ ಬರೆಯುವುದು ಆ ಕಾಲದ ಮನೆಮದ್ದಾಗಿತ್ತು. 5ನೇ ಆವೃತ್ತಿಯಲ್ಲಿ ಸಿ ಶಾರ್ಪ್‌ನ ಅರ್ಥವನ್ನು ಬೇಕೆಂದವರು ಆರಿಸಿಕೊಳ್ಳುವ ಅವಕಾಶ ಬಂತು. 2013ರ 6ನೇ ಆವೃತ್ತಿಯಿಂದ ಅದೇ ಸಹಜ ನಡತೆಯಾಯಿತು. ಈಗಿನ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಪ್ಯಾರಾಮೀಟರ್ ನಲ್ ಆಗಿರುವಾಗ ಒಂದು ಎಸ್‌ಕ್ಯೂಎಲ್ ಪಠ್ಯವನ್ನೂ ಅಲ್ಲದಿರುವಾಗ ಇನ್ನೊಂದನ್ನೂ ಇಟ್ಟುಕೊಂಡು ಕೆಲಸ ಮಾಡುತ್ತದೆ.

ಎಸ್‌ಕ್ಯೂಎಲ್‌ಆಲ್ಕೆಮಿ ಬಳಸುವವರು ಒಂದು ಹಳ್ಳವನ್ನು ವಿಶೇಷವಾಗಿ ನೋಡಿಕೊಂಡು ದಾಟಬೇಕು. ಪೈಥಾನ್‌ನಲ್ಲಿ ನನ್ ಅನ್ನು ಹೋಲಿಸುವಾಗ == ಬಳಸದೆ ‘ಈಸ್’ ಬಳಸಬೇಕೆಂಬುದು ಆ ಭಾಷೆಯ ಶೈಲಿ ಮಾರ್ಗದರ್ಶಿಯಾದ ಪೆಪ್ 8ರ ಸಲಹೆ; ಕೋಡ್ ಪರಿಶೀಲಿಸುವ ಸಾಧನಗಳು ಇ711 ಎಂಬ ಸಂಕೇತದೊಂದಿಗೆ ಇದನ್ನು ಎತ್ತಿ ತೋರಿಸುತ್ತವೆ. ಒಳ್ಳೆಯ ವಿದ್ಯಾರ್ಥಿಯಂತೆ ಆ ಎಚ್ಚರಿಕೆಯನ್ನು ಪಾಲಿಸಿ ಕ್ವೆರಿಯೊಳಗಿನ == ಅನ್ನು ‘ಈಸ್’ ಎಂದು ತಿದ್ದಿದಿರೋ, ಕ್ವೆರಿ ಕೆಟ್ಟಿತು. == ಎಂಬುದರ ಅರ್ಥವನ್ನು ಗ್ರಂಥಾಲಯವು ತನಗೆ ಬೇಕಾದಂತೆ ಬದಲಿಸಿಕೊಳ್ಳಲು ಪೈಥಾನ್ ಬಿಡುತ್ತದೆ, ‘ಈಸ್’ ಎಂಬುದನ್ನು ಬಿಡುವುದಿಲ್ಲ. ‘ಲಾಟ್.ಖರೀದಿದಾರ ಈಸ್ ನನ್’ ಎಂಬುದನ್ನು ಪೈಥಾನ್ ಅಲ್ಲಿಯೇ, ಡೇಟಾಬೇಸಿನ ಮುಖವನ್ನೂ ನೋಡದೆ, ಲೆಕ್ಕ ಹಾಕುತ್ತದೆ. ಕಾಲಂ ಎಂಬ ವಸ್ತು ನನ್ ಎಂಬ ವಸ್ತುವಲ್ಲವಾದ್ದರಿಂದ ಉತ್ತರ ಯಾವಾಗಲೂ ‘ಸುಳ್ಳು’. ಡೇಟಾಬೇಸಿಗೆ ತಲುಪುವುದು ಯಾವ ಸಾಲಿಗೂ ಒಪ್ಪದ ಷರತ್ತು. ಇದಕ್ಕಾಗಿಯೇ ಆ ಗ್ರಂಥಾಲಯದಲ್ಲಿ ‘ಈಸ್’ ಪದದ ಕೊನೆಗೊಂದು ಅಡಿಗೆರೆ ಸೇರಿಸಿದ ವಿಧಾನವೊಂದಿದೆ. ಅದನ್ನು ಬಳಸಿದರೆ ಪರಿಶೀಲಕವೂ ಸುಮ್ಮನಿರುತ್ತದೆ, ಎಸ್‌ಕ್ಯೂಎಲ್ ಕೂಡ ಸರಿಯಿರುತ್ತದೆ.

ಜಾವಾಸ್ಕ್ರಿಪ್ಟ್ ಕಡೆಯ ಓಆರ್‌ಎಂ ಆದ ಪ್ರಿಸ್ಮಾದಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಆ ಭಾಷೆಯಲ್ಲಿ ಖಾಲಿಗೆ ನಲ್ ಮತ್ತು ಅನ್‌ಡಿಫೈನ್ಡ್ ಎಂಬ ಎರಡು ಗುರುತುಗಳಿವೆ. ಷರತ್ತಿಗೆ ನಲ್ ಕೊಟ್ಟರೆ ‘ಖಾಲಿ ಇರುವವು’ ಎಂದರ್ಥ. ಅನ್‌ಡಿಫೈನ್ಡ್ ಕೊಟ್ಟರೆ ಸಾಮಾನ್ಯವಾಗಿ ‘ಈ ಷರತ್ತೇ ಬೇಡ’ ಎಂದರ್ಥ. ಹೆಸರು ತಪ್ಪಾಗಿ ಬರೆದ ಒಂದು ವೇರಿಯಬಲ್‌ನಿಂದ ಅನ್‌ಡಿಫೈನ್ಡ್ ಬಂದು, ಅದೇ ಷರತ್ತು ಅಳಿಸುವ ಆದೇಶದಲ್ಲಿ ಕುಳಿತಿದ್ದರೆ, ಒಬ್ಬ ಖರೀದಿದಾರರ ಸಾಲುಗಳ ಬದಲು ಇಡೀ ಟೇಬಲ್ಲೇ ಬರಿದಾಗುತ್ತದೆ. ನಲ್‌ನ ತಪ್ಪಿನಿಂದ ಸಾಲುಗಳು ಕಾಣೆಯಾಗುತ್ತವೆ. ಇಲ್ಲಿ ಮಾತ್ರ ಬೇಡದ ಸಾಲುಗಳೂ ಸಿಕ್ಕಿಬೀಳುತ್ತವೆ.

ಓಆರ್‌ಎಂಗಳು ನಿಜವಾಗಿ ಬೇರೆಯಾಗುವುದು ಅಸಮತೆಯ ವಿಷಯದಲ್ಲಿ. ಎಸ್‌ಕ್ಯೂಎಲ್‌ಆಲ್ಕೆಮಿಯ !=, ಆಕ್ಟಿವ್ ರೆಕಾರ್ಡ್‌ನ ‘ವೇರ್.ನಾಟ್’, ಲಾರಾವೆಲ್‌ನ !=, ಜಾವಾದ ಹೈಬರ್ನೇಟ್‌ನ <> ಇವೆಲ್ಲ ‘ಅಲ್ಲ’ ಎಂಬ ಬಣದವು. ಅವು ಬರೆದದ್ದನ್ನು ಬರೆದಂತೆಯೇ ಡೇಟಾಬೇಸಿಗೆ ಒಪ್ಪಿಸುತ್ತವೆ, ಖಾಲಿ ಸಾಲುಗಳು ಉದುರಿಹೋಗುತ್ತವೆ. ನಾನು ಬಳಸಿದ್ದು ಇವುಗಳಲ್ಲಿ ಮೊದಲನೆಯದನ್ನು. ಜಾಂಗೊದ ‘ಎಕ್ಸ್‌ಕ್ಲೂಡ್’ ಮತ್ತು ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ != ‘ಬಿಟ್ಟು’ ಎಂಬ ಬಣಕ್ಕೆ ಸೇರಿದವು. ಎಂಟಿಟಿ ಫ್ರೇಮ್‌ವರ್ಕ್ ಕೋರ್ ಮಾಡುವುದು ಸರಳ: ‘ಖರೀದಿದಾರ <> 12 ಆರ್ ಖರೀದಿದಾರ ಈಸ್ ನಲ್’ ಎಂದು ತಾನಾಗಿಯೇ ಒಂದು ತುಂಡನ್ನು ಸೇರಿಸುತ್ತದೆ. ಜಾಂಗೊ ಮಾಡುವುದು ಸ್ವಲ್ಪ ಸುತ್ತುದಾರಿಯದು. ಅದು ಹುಟ್ಟಿಸುವ ಷರತ್ತು ‘ನಾಟ್ (ಖರೀದಿದಾರ = 12 ಆಂಡ್ ಖರೀದಿದಾರ ಈಸ್ ನಾಟ್ ನಲ್)’ ಎಂಬ ರೂಪದಲ್ಲಿರುತ್ತದೆ.

ಮೊದಲ ನೋಟಕ್ಕೆ ಈ ಎರಡನೆಯ ತುಂಡು ಅನಾವಶ್ಯಕವೆಂದು ಕಾಣುತ್ತದೆ. ಹನ್ನೆರಡಕ್ಕೆ ಸಮವಾದದ್ದು ಖಾಲಿಯಾಗಿರಲು ಹೇಗೆ ಸಾಧ್ಯ? ಒಂದು ಮಾರಾಟವಾಗದ ಲಾಟನ್ನು ಹಿಡಿದುಕೊಂಡು ಹೆಜ್ಜೆಹೆಜ್ಜೆಯಾಗಿ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ‘ಖರೀದಿದಾರ = 12’ ಎಂಬುದಕ್ಕೆ ಉತ್ತರ ‘ಗೊತ್ತಿಲ್ಲ’. ‘ಖರೀದಿದಾರ ಈಸ್ ನಾಟ್ ನಲ್’ ಎಂಬುದಕ್ಕೆ ಉತ್ತರ ಖಚಿತವಾಗಿ ‘ಅಲ್ಲ’, ಏಕೆಂದರೆ ‘ಈಸ್ ನಲ್’ ಜಾತಿಯ ಪ್ರಶ್ನೆಗಳು ಎಂದಿಗೂ ‘ಗೊತ್ತಿಲ್ಲ’ ಎನ್ನುವುದಿಲ್ಲ. ‘ಗೊತ್ತಿಲ್ಲ’ ಮತ್ತು ‘ಅಲ್ಲ’ ಇವನ್ನು ‘ಆಂಡ್’ನಿಂದ ಜೋಡಿಸಿದರೆ, ಒಂದು ಕಡೆ ಸುಳ್ಳಾದ ಮೇಲೆ ಇನ್ನೊಂದು ಕಡೆ ಏನಿದ್ದರೂ ಇಡೀ ಮಾತು ಸುಳ್ಳೇ ಆದ್ದರಿಂದ, ಉತ್ತರ ‘ಅಲ್ಲ’. ಹೊರಗಿನ ‘ನಾಟ್’ ಅದನ್ನು ‘ಹೌದು’ ಎಂದು ತಿರುಗಿಸುತ್ತದೆ. ಸಾಲು ಉಳಿಯಿತು. ಅನಾವಶ್ಯಕವೆಂದು ಕಂಡ ತುಂಡು ಮಾಡಿದ ಕೆಲಸವೆಂದರೆ ‘ಗೊತ್ತಿಲ್ಲ’ವನ್ನು ತಿರುಗಿಸುವ ಮೊದಲೇ ‘ಅಲ್ಲ’ವಾಗಿ ಗಟ್ಟಿ ಮಾಡಿದ್ದು. ನನ್ನ ಅಭಿಪ್ರಾಯದಲ್ಲಿ ‘ಎಕ್ಸ್‌ಕ್ಲೂಡ್’ ಎಂಬ ಹೆಸರಿಗೆ ಇದೇ ನ್ಯಾಯ: ಬಿಟ್ಟು ಉಳಿದದ್ದನ್ನು ಕೇಳಿದವರಿಗೆ ಉಳಿದದ್ದೆಲ್ಲ ಸಿಗಬೇಕು. ಆದರೆ ಜಾಂಗೊದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಎಸ್‌ಕ್ಯೂಎಲ್‌ಆಲ್ಕೆಮಿಗೆ ಬಂದಾಗ ಈ ನ್ಯಾಯ ಎಲ್ಲೆಡೆಯೂ ಇದೆಯೆಂದು ನಂಬಿಕೊಂಡೇ ಬರುತ್ತಾರೆ.

ಜಾಂಗೊ ಕೂಡ ಎಲ್ಲ ಕಡೆ ಕಾಪಾಡುವುದಿಲ್ಲ. ಅದೇ ಅಂಗಡಿಯ ಇನ್ನೊಂದು ಪಟ್ಟಿಯನ್ನು ನೋಡಿ: ಇಂದು ಒಂದು ಲಾಟನ್ನೂ ಕೊಳ್ಳದ ಖರೀದಿದಾರರು ಯಾರು ಯಾರು? ಸಹಜವಾಗಿ ಹೊಳೆಯುವುದು ‘ನಾಟ್ ಇನ್’. ಖರೀದಿದಾರರ ಟೇಬಲ್ಲಿನಿಂದ, ಇಂದಿನ ಲಾಟುಗಳ ‘ಖರೀದಿದಾರ’ ಕಾಲಂನಲ್ಲಿ ಇಲ್ಲದ ನಂಬರುಗಳನ್ನು ತೆಗೆಯುವುದು. ಆ ಒಳ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಇಡೀ ಕ್ವೆರಿಯ ಉತ್ತರ ಸೊನ್ನೆಯಾಗುತ್ತದೆ. ‘ನಾಟ್ ಇನ್ (12, 7, ನಲ್)’ ಎಂದರೆ ‘12 ಅಲ್ಲ, 7 ಅಲ್ಲ, ನಲ್ ಕೂಡ ಅಲ್ಲ’ ಎಂದು ಬಿಡಿಸಿ ಓದಬೇಕು. ಕೊನೆಯ ತುಂಡಿನ ಉತ್ತರ ಯಾರಿಗಾದರೂ ‘ಗೊತ್ತಿಲ್ಲ’ವೇ ಆದ್ದರಿಂದ ಇಡೀ ಮಾತು ಎಂದಿಗೂ ‘ಹೌದು’ ಆಗಲಾರದು. ಬರೆದವನೇ ಕೊಟ್ಟ ಪಟ್ಟಿಯಲ್ಲಿ ನನ್ ಇದ್ದರೆ ಜಾಂಗೊ ಅದನ್ನು ಮೊದಲೇ ಹೆಕ್ಕಿ ತೆಗೆಯುತ್ತದೆ. ಪಟ್ಟಿಯ ಜಾಗದಲ್ಲಿ ಇನ್ನೊಂದು ಕ್ವೆರಿಯೇ ಇದ್ದರೆ ಅದರ ಒಳಗೆ ಏನಿದೆಯೆಂದು ಅದಕ್ಕೂ ಕಾಣುವುದಿಲ್ಲ.

ಈ ದೋಷದ ಕಿರಿಕಿರಿಯೆಂದರೆ ಅದು ದಿನ ನೋಡಿ ಬರುತ್ತದೆ. ಎಲ್ಲ ಲಾಟುಗಳೂ ಮಾರಾಟವಾದ ದಿನ ಪಟ್ಟಿ ಸರಿಯಿರುತ್ತದೆ. ಒಬ್ಬ ರೈತ ದರ ಒಲ್ಲೆನೆಂದ ದಿನ ಪಟ್ಟಿ ಪೂರ್ತಿ ಖಾಲಿ ಬರುತ್ತದೆ, ‘ಕೊಳ್ಳದವರು ಯಾರೂ ಇಲ್ಲ’ ಎಂದು ಓದಿಕೊಂಡು ಎಲ್ಲರೂ ಸುಮ್ಮನಾಗುತ್ತಾರೆ. ಪರಿಹಾರ ‘ನಾಟ್ ಎಕ್ಸಿಸ್ಟ್ಸ್’: ‘ಇವರ ಹೆಸರಿನಲ್ಲಿ ಇಂದು ಲಾಟು ಇದೆಯೇ’ ಎಂದು ಒಬ್ಬೊಬ್ಬರನ್ನೇ ಕೇಳುವ ಷರತ್ತಿಗೆ ಉತ್ತರ ಇದೆ ಅಥವಾ ಇಲ್ಲ, ಎರಡೇ. ಪ್ರಮುಖ ಓಆರ್‌ಎಂಗಳಲ್ಲಿ ಇದನ್ನು ಬರೆಯುವ ದಾರಿಯಿದೆ. ಒಳ ಕ್ವೆರಿಯ ಕಾಲಂ ಖಾಲಿಯಾಗಬಲ್ಲದ್ದಾಗಿದ್ದರೆ ‘ನಾಟ್ ಇನ್’ ಅನ್ನು ನಾನು ಈಗ ಮುಟ್ಟುವುದೇ ಇಲ್ಲ.

ಎರಡು ಕಾಲಂಗಳನ್ನು ಒಂದಕ್ಕೊಂದು ಹೋಲಿಸುವಾಗ ಸಂಗತಿ ಇನ್ನೂ ಜಟಿಲವಾಗುತ್ತದೆ. ಟೆಂಡರಿನಲ್ಲಿ ಬಂದ ದರ ಒಂದು ಕಾಲಂ, ರೈತನ ಕೈಗೆ ಕೊಡುವ ಪಟ್ಟಿಯಲ್ಲಿ ಬರೆದ ದರ ಇನ್ನೊಂದು ಕಾಲಂ. ಎರಡೂ ಹೊಂದದ ಲಾಟುಗಳನ್ನು ಹುಡುಕಬೇಕು. ಬರಿಯ <> ಬಳಸಿದರೆ 20,000 ಮತ್ತು 19,500 ಸಿಕ್ಕಿಬೀಳುತ್ತವೆ, ಆದರೆ ಟೆಂಡರಿನಲ್ಲಿ 20,000 ಇದ್ದು ಪಟ್ಟಿಯಲ್ಲಿ ದರ ಬರೆಯಲು ಮರೆತ ಲಾಟು ತಪ್ಪಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವೇ ವರದಿಯಲ್ಲಿ ಬರುವುದಿಲ್ಲ. ಹಾಗೆಂದು ಖಾಲಿ ಇರುವುದನ್ನೆಲ್ಲ ಸೇರಿಸಿದರೆ, ಎರಡೂ ದರ ಖಾಲಿ ಇರುವ ಮಾರಾಟವಾಗದ ಲಾಟುಗಳೂ ವ್ಯತ್ಯಾಸವೆಂದು ಬಂದುಬಿಡುತ್ತವೆ. ಇದಕ್ಕೆ ಎಸ್‌ಕ್ಯೂಎಲ್‌ನ 1999ರ ಮಾನಕದಲ್ಲಿ ಬಂದ ‘ಈಸ್ ಡಿಸ್ಟಿಂಕ್ಟ್ ಫ್ರಮ್’ ತಕ್ಕದಾದ ಸಾಧನ: ಎರಡೂ ಖಾಲಿಯಾಗಿದ್ದರೆ ಒಂದೇ, ಒಂದು ಮಾತ್ರ ಖಾಲಿಯಾಗಿದ್ದರೆ ಬೇರೆ, ಉತ್ತರದಲ್ಲಿ ‘ಗೊತ್ತಿಲ್ಲ’ ಎಂಬುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಇದು ಹಿಂದಿನಿಂದಲೂ ಇದೆ; ಮೈಎಸ್‌ಕ್ಯೂಎಲ್‌ನಲ್ಲಿ <=> ಎಂಬ ಚಿಹ್ನೆ ಸಮತೆಗೆ ಇದೇ ಕೆಲಸ ಮಾಡುತ್ತದೆ; ಎಸ್‌ಕ್ಯೂಎಲ್ ಸರ್ವರ್‌ಗೆ 2022ರ ಆವೃತ್ತಿಯಲ್ಲಿ ಬಂತು. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಇದೇ ಹೆಸರಿನ ವಿಧಾನವಿದೆ, ಹೈಬರ್ನೇಟ್ 6ರ ಕ್ವೆರಿ ಭಾಷೆಯಲ್ಲಿಯೂ ಇದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್ ಇದೇ ಅರ್ಥವನ್ನು ‘ಆಂಡ್’, ‘ಆರ್’, ‘ಈಸ್ ನಲ್’ಗಳ ಉದ್ದನೆಯ ಸರಪಳಿಯಾಗಿ ಬಿಡಿಸಿ ಬರೆಯುತ್ತದೆ. ಆ ಸರಪಳಿಯಿಂದ ಕ್ವೆರಿ ನಿಧಾನವಾಗುವ ಸಂಭವವಿರುವುದರಿಂದಲೇ, ಡೇಟಾಬೇಸಿನ ಅರ್ಥವೇ ಸಾಕು ಎನ್ನುವವರಿಗಾಗಿ ‘ಯೂಸ್ ರಿಲೇಷನಲ್ ನಲ್ಸ್’ ಎಂಬ ಆಯ್ಕೆಯನ್ನು ಅದು ಇಟ್ಟಿದೆ.

ಇಷ್ಟೆಲ್ಲ ತಲೆನೋವೇಕೆ, ಖಾಲಿಯ ಜಾಗದಲ್ಲಿ ಒಂದು ಸೊನ್ನೆಯನ್ನೇ ತುಂಬಿದರಾಯಿತು ಎಂಬ ಸಲಹೆ ಆಗಾಗ ಬರುತ್ತದೆ. 31 ಲಾಟುಗಳ ಸರಾಸರಿ ದರ ಕ್ವಿಂಟಲಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ. ನಲ್ ಇರುವ ಸಾಲುಗಳನ್ನು ಸರಾಸರಿಯ ಲೆಕ್ಕ ತಾನಾಗಿ ಕೈಬಿಡುವುದರಿಂದ ಉತ್ತರ 20,000ವೇ ಬರುತ್ತದೆ. ಒಂಬತ್ತು ಖಾಲಿಗಳಿಗೆ ಸೊನ್ನೆ ತುಂಬಿದಿರೋ, 6,20,000ವನ್ನು 40ರಿಂದ ಭಾಗಿಸಿ 15,500 ಎಂದು ತೋರಿಸುತ್ತದೆ. ದರ ಕುಸಿಯಿತೆಂದು ರೈತರು ಗಾಬರಿಯಾಗಲು ಇಷ್ಟು ಸಾಕು. ಕ್ವೆರಿಯೊಳಗೆ ಮಾತ್ರ ‘ಕೋಆಲೆಸ್’ ಬಳಸಿ ಖಾಲಿಯನ್ನು -1 ಎಂದು ಓದಿಕೊಳ್ಳುವುದು ಇಷ್ಟು ಕೆಟ್ಟದ್ದಲ್ಲ, ಆದರೆ ಕಾಲಂನ ಸುತ್ತ ಇಂಥ ಫಂಕ್ಷನ್ ಸುತ್ತಿದರೆ ಬೇಗ ಹುಡುಕಲೆಂದು ಆ ಕಾಲಂಗೆ ಮಾಡಿಟ್ಟ ಸಾಮಾನ್ಯ ಇಂಡೆಕ್ಸ್ ಬಹುಮಟ್ಟಿಗೆ ಉಪಯೋಗಕ್ಕೆ ಬಾರದಂತಾಗುತ್ತದೆ.

ಅನುಕ್ರಮದ ವಿಷಯ ಚಿಕ್ಕದು, ಆದರೂ ಹೇಳಬೇಕು. ನಲ್ ಅನ್ನು ಪೋಸ್ಟ್‌ಗ್ರೆಸ್‌ಕ್ಯೂಎಲ್ ಮತ್ತು ಆರಕಲ್ ಎಲ್ಲಕ್ಕಿಂತ ದೊಡ್ಡದೆಂಬಂತೆಯೂ ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲೈಟ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಎಲ್ಲಕ್ಕಿಂತ ಚಿಕ್ಕದೆಂಬಂತೆಯೂ ಸಾಲಿಗೆ ಹಚ್ಚುತ್ತವೆ. ನನ್ನ ಲ್ಯಾಪ್‌ಟಾಪಿನ ಎಸ್‌ಕ್ಯೂಎಲೈಟ್‌ನಲ್ಲಿ ಚೆನ್ನಾಗಿದ್ದ ‘ಇಂದಿನ ಹೆಚ್ಚಿನ ದರಗಳು’ ಎಂಬ ಪರದೆ ಅಂಗಡಿಯ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಒಂಬತ್ತು ಖಾಲಿ ಸಾಲುಗಳನ್ನು ತಲೆಯ ಮೇಲೆ ಹೊತ್ತುಕೊಂಡು ಕಾಣಿಸಿಕೊಂಡಿತು. ಜಾಂಗೊ, ಎಸ್‌ಕ್ಯೂಎಲ್‌ಆಲ್ಕೆಮಿ ಎರಡರಲ್ಲಿಯೂ ‘ನಲ್ಸ್ ಲಾಸ್ಟ್’ ಎಂದು ಸ್ಪಷ್ಟವಾಗಿ ಹೇಳಬಹುದು.

ಕೊನೆಗೆ ನಾನು ಮಾಡಿದ್ದು ಟೇಬಲ್ಲಿನ ರಚನೆಯನ್ನೇ ಬದಲಿಸಿದ್ದು. ‘ಮಾರಾಟ’ ಎಂಬ ಬೇರೆ ಟೇಬಲ್ ಮಾಡಿ, ಟೆಂಡರ್ ಒಪ್ಪಿಗೆಯಾದ ಲಾಟಿಗೆ ಮಾತ್ರ ಅಲ್ಲಿ ಒಂದು ಸಾಲು ಬರುವಂತೆಯೂ ಆ ಸಾಲಿನಲ್ಲಿ ಖರೀದಿದಾರ ಮತ್ತು ದರ ಎರಡೂ ಖಾಲಿ ಇರಲಾರದಂತೆಯೂ ಮಾಡಿದೆ. ಲಾಟಿನ ಟೇಬಲ್ಲಿನಲ್ಲಿ ‘ಟೆಂಡರ್ ಬಾಕಿ’, ‘ಮಾರಾಟವಾಗಿದೆ’, ‘ರೈತರು ಒಯ್ದಿದ್ದಾರೆ’ ಎಂಬ ಸ್ಥಿತಿಯ ಕಾಲಂ ಸೇರಿಸಿದೆ; ಕಾಡ್ ಅವರು ಬಯಸಿದ್ದ ಎರಡು ಗುರುತುಗಳು ಹೀಗೆ ಬೇರೆ ಬಾಗಿಲಿನಿಂದ ಒಳಗೆ ಬಂದವು. ನಲ್ ಇದರಿಂದ ಪೂರ್ತಿ ತೊಲಗಲಿಲ್ಲ. ಎಲ್ಲ ಲಾಟುಗಳನ್ನೂ ಮಾರಾಟದ ವಿವರದೊಂದಿಗೆ ತೋರಿಸಲು ಎರಡು ಟೇಬಲ್ಲುಗಳನ್ನು ಜೋಡಿಸುವ ‘ಲೆಫ್ಟ್ ಜಾಯಿನ್’ ಮಾಡಿದ ಕೂಡಲೇ ಮಾರಾಟವಾಗದ ಲಾಟುಗಳ ಎದುರು ಅದು ಮತ್ತೆ ಹಾಜರಾಗುತ್ತದೆ, ಮತ್ತು ಆ ಜೋಡಣೆಯ ಮೇಲೆ ‘ವೇರ್’ನಲ್ಲಿ ‘ಖರೀದಿದಾರ <> 12’ ಎಂದು ಬರೆದರೆ ಅದೇ ಒಂಬತ್ತು ಸಾಲುಗಳು ಮತ್ತೆ ಉದುರುತ್ತವೆ. ಅದನ್ನು ‘12ನೇ ನಂಬರಿನವರ ಮಾರಾಟ ಇಲ್ಲದ ಲಾಟುಗಳು’ ಎಂದು ‘ನಾಟ್ ಎಕ್ಸಿಸ್ಟ್ಸ್’ನಲ್ಲಿ ಬರೆದಾಗ 34 ಬಂದವು.

ಆ ದಿನದ ನಲವತ್ತು ಲಾಟುಗಳು, ಹೆಸರು ಬದಲಿಸಿಕೊಂಡು, ಈಗಲೂ ನನ್ನ ಪರೀಕ್ಷೆಯ ದತ್ತಾಂಶದಲ್ಲಿವೆ. ಹೊಸ ಷರತ್ತು ಬರೆದಾಗಲೆಲ್ಲ ಓಆರ್‌ಎಂ ಹುಟ್ಟಿಸಿದ ಎಸ್‌ಕ್ಯೂಎಲ್ ಅನ್ನು ಒಮ್ಮೆ ಮುದ್ರಿಸಿ ಓದುತ್ತೇನೆ, ಆಮೇಲೆ ಆ ಷರತ್ತಿನ ಎಣಿಕೆಯನ್ನೂ ಅದರ ವಿರುದ್ಧದ ಎಣಿಕೆಯನ್ನೂ ದಿವಾನಜಿಯವರು ಮಾಡಿದಂತೆ ಕೂಡಿಸುತ್ತೇನೆ. ಈಚೆಗೆ ‘ದರ 15,000ಕ್ಕಿಂತ ಕಡಿಮೆ’ ಮತ್ತು ‘15,000 ಅಥವಾ ಹೆಚ್ಚು’ ಎಂಬ ಎರಡು ಪಟ್ಟಿಗಳು ಕೂಡಿ ಮತ್ತೆ 31 ಬಂದಾಗ ಮಾತ್ರ ಕ್ವೆರಿಯನ್ನು ತಿದ್ದಲಿಲ್ಲ. ದರವೇ ಆಗದ ಲಾಟು ಆ ಎರಡರಲ್ಲಿ ಯಾವ ಪಟ್ಟಿಗೂ ಸೇರತಕ್ಕದ್ದಲ್ಲ. ಅವುಗಳ ಕೆಳಗೆ ‘ದರ ಆಗದವು: 9’ ಎಂಬ ಮೂರನೆಯ ಸಾಲನ್ನು ಮುದ್ರಿಸುತ್ತಿದ್ದೇನೆ.